ನಿಮ್ಮ ಆಡಿಯೊ ಅಲೆಕ್ಸಾದಲ್ಲಿ ಬರಬೇಕೇ? ಸ್ಕಿಲ್ ಮಾಡಿಸುವ ಮುಂಚೆ ಇಷ್ಟು ನೋಡಿ

ಕಳೆದ ಕೆಲವು ತಿಂಗಳಲ್ಲಿ ಮೂರು ಕಡೆಯಿಂದ ನನಗೆ ಒಂದೇ ಪ್ರಶ್ನೆ ಬಂತು. ಒಬ್ಬರು ಸಮುದಾಯ ಬಾನುಲಿ ನಡೆಸುವವರು. ಇನ್ನೊಂದು ಕಡೆ, ಮಕ್ಕಳಿಗಾಗಿ ಕನ್ನಡದಲ್ಲಿ ಕತೆ ಓದಿ ಪಾಡ್‌ಕಾಸ್ಟ್ ಹಾಕುವ ಗಂಡ-ಹೆಂಡತಿ. ಮೂರನೆಯವರು ಅಮೆರಿಕದ ಒಂದು ಕನ್ನಡ ಕೂಟದ ಕಾರ್ಯದರ್ಶಿ. ವಾರಕ್ಕೆ ಒಂದು ಗಂಟೆಯ ಕಾರ್ಯಕ್ರಮ ರೆಕಾರ್ಡ್ ಮಾಡುತ್ತಾರೆ. "ಅಲೆಕ್ಸಾಗೆ ಒಂದು ಸ್ಕಿಲ್ ಮಾಡಿಸಬೇಕು ಸಾರ್, ಎಷ್ಟಾಗುತ್ತೆ?" ಸ್ಕಿಲ್ ಅಂದರೆ ಅಮೆಜಾನಿನ ಧ್ವನಿ ಸಹಾಯಕಿ ಅಲೆಕ್ಸಾಗೆ ಸೇರಿಸುವ ಆ್ಯಪ್; ಸಾಮಾನ್ಯವಾಗಿ "ಓಪನ್" ಎಂದು ಅದರ ಹೆಸರು ಹೇಳಿ ತೆರೆಯಬೇಕು. ಮೂರು ಕಡೆಗೂ ಬೇರೆ ಬೇರೆ ಉತ್ತರ ಕೊಟ್ಟೆ. ಒಂದು ಕಡೆಗಂತೂ ಸ್ಕಿಲ್ಲೇ ಬೇಡ ಅಂದೆ. ಅದರ ಲೆಕ್ಕಾಚಾರ ಇಲ್ಲಿದೆ.

ಅಲೆಕ್ಸಾ ಮಾತ್ರ ಯಾಕೆ, ಗೂಗಲ್ ಸ್ಪೀಕರ್ ಇಲ್ಲವೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೂಗಲ್ ಅಸಿಸ್ಟೆಂಟ್‌ಗೆ ಹೊರಗಿನವರು ಸಂಭಾಷಣೆಯ ಆ್ಯಪ್ ಬರೆದು ಸೇರಿಸುವ ಬಾಗಿಲನ್ನು ಗೂಗಲ್ 2023ರ ಜೂನ್ 13ರಂದು ಮುಚ್ಚಿತು. ಅದನ್ನು ಹೇಳಿಕೊಡುವ ಹಳೆಯ ವಿಡಿಯೊಗಳು ಇನ್ನೂ ಓಡಾಡುತ್ತಿವೆ. ಅವನ್ನು ನಂಬಿ ಶನಿವಾರ-ಭಾನುವಾರ ಹಾಳು ಮಾಡಿಕೊಳ್ಳಬೇಡಿ. ಗೂಗಲ್ ಕಡೆಗೆ ಈಗ ಉಳಿದಿರುವುದು ಪಾಡ್‌ಕಾಸ್ಟ್ ಮತ್ತು ಫೋನ್ ಆ್ಯಪ್‌ನ ದಾರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಳೆಯುವುದು ಯಾವುದರಿಂದ

ಮೊದಲ ಪ್ರಶ್ನೆ: ನಿಮ್ಮದು ಲೈವ್ ಪ್ರಸಾರವೋ, ಕಂತುಗಳೋ? ಲೈವ್ ಆದರೆ ಇರುವುದು ಒಂದೇ ವಿಳಾಸ; ಕೋಡ್ ಅರ್ಧ ದಿನದ ಕೆಲಸ. ಆದರೆ ಸ್ಟ್ರೀಮ್ ಸರ್ವರ್ ಹಗಲೂ ರಾತ್ರಿ ಎಚ್ಚರವಿರಬೇಕು. ಕಂತುಗಳಾದರೆ ಕಡತಗಳು ಎಲ್ಲೋ ಒಂದು ಕಡೆ ಸುಮ್ಮನೆ ಕೂತಿರುತ್ತವೆ, ತಲೆನೋವೆಲ್ಲ ಕೋಡ್‌ಗೆ. ಯಾರು ಯಾವ ಕತೆಯನ್ನು ಎಷ್ಟನೇ ನಿಮಿಷದಲ್ಲಿ ನಿಲ್ಲಿಸಿದರು ಅನ್ನುವುದನ್ನು ಅದು ನೆನಪಿಡಬೇಕು.

ಎರಡನೆಯದು, ಕೇಳುಗರ ಸ್ಪೀಕರ್ ಯಾವ ಭಾಷೆಯಲ್ಲಿದೆ? ಅಲೆಕ್ಸಾ ಸ್ಕಿಲ್‌ಗಳಿಗೆ ಕನ್ನಡ ಇಲ್ಲ. ಭಾರತದಲ್ಲಿ ಇರುವುದು ಭಾರತೀಯ ಇಂಗ್ಲಿಷ್ ಮತ್ತು ಹಿಂದಿ. ಭಾರತೀಯ ಇಂಗ್ಲಿಷಿಗೆ ಮಾತ್ರ ಪ್ರಕಟಿಸಿದ ಸ್ಕಿಲ್, ಡಲ್ಲಾಸ್‌ನಲ್ಲಿ ಅಮೆರಿಕನ್ ಇಂಗ್ಲಿಷಿಗೆ ಹೊಂದಿಸಿದ ಎಕೋಗೆ (ಅಲೆಕ್ಸಾ ಇರುವ ಅಮೆಜಾನ್ ಸ್ಪೀಕರ್) ಬರುವುದಿಲ್ಲ. ಪ್ರತಿ ಭಾಷಾ ವಲಯಕ್ಕೂ ಅದನ್ನು ಬೇರೆಯಾಗಿ ಸೇರಿಸಬೇಕು. ಕಷ್ಟದ ಕೆಲಸವೇನಲ್ಲ, ಆದರೆ ಬಹಳ ಜನ ಮರೆಯುತ್ತಾರೆ.

ಮೂರನೆಯದು ಡೇಟಾ. ಗುಣಾಕಾರ ಮಾಡಿ ನೋಡಿ. ಮಾತಿನ ಕಾರ್ಯಕ್ರಮಕ್ಕೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಮೊನೊ ಧಾರಾಳ ಸಾಕು. ಒಂದು ಗಂಟೆಗೆ 28.8 ಎಂಬಿ ಆಗುತ್ತದೆ. ದಿನಕ್ಕೆ ನೂರು ಜನ ತಲಾ ಒಂದು ಗಂಟೆ ಕೇಳಿದರೆ ತಿಂಗಳಿಗೆ ಸುಮಾರು 86 ಜಿಬಿ. 128ಕ್ಕೆ ಏರಿಸಿದರೆ ಇದರ ಎರಡರಷ್ಟು. ಸಂಗೀತವೇ ಮುಖ್ಯ ಅಲ್ಲದಿದ್ದರೆ 128 ಅನ್ನುವುದು ಶೋಕಿ.

ನಾಲ್ಕನೆಯದನ್ನು ಯಾರೂ ಕೇಳಲು ಇಷ್ಟಪಡುವುದಿಲ್ಲ: ಹಕ್ಕು. ಎಫ್‌ಎಂನಲ್ಲಿ ಚಿತ್ರಗೀತೆ ಹಾಕಲು ಅನುಮತಿ ಇದೆ ಎಂದ ಮಾತ್ರಕ್ಕೆ ಅಂತರ್ಜಾಲದಲ್ಲೂ ಹಾಕಬಹುದು ಎಂದುಕೊಳ್ಳಬೇಡಿ. ಕೃತಿಸ್ವಾಮ್ಯ ಕಾಯ್ದೆಯ 31ಡಿ ಕಲಮಿನ ಶಾಸನಬದ್ಧ ಪರವಾನಗಿ ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್ ಎಂಬ ಹಾಡಿನ ಕಂಪನಿ ಮತ್ತು ವಿಂಕ್ ಎಂಬ ಸಂಗೀತ ಆ್ಯಪ್ ನಡುವಿನ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಕಾರ್ಯಕ್ರಮದಲ್ಲಿ ನಡುನಡುವೆ ಸಿನಿಮಾ ಹಾಡು ಬರುತ್ತಿದ್ದರೆ ಸ್ಕಿಲ್‌ನ ವಿಚಾರ ಆಮೇಲೆ, ಮೊದಲು ಆ ಹಾಡುಗಳ ವಿಚಾರ ಇತ್ಯರ್ಥ ಮಾಡಿಕೊಳ್ಳಿ. ಸಂದರ್ಶನ, ಕೃಷಿ ಮಾತುಕತೆ, ಊರಿನವರೇ ಹಾಡಿದ ಸೋಬಾನೆ ಪದ, ನೀವೇ ಬರೆದ ಕತೆ ಇಂಥವಾದರೆ, ಹಾಡಿದವರ ಒಪ್ಪಿಗೆ ಪತ್ರವೊಂದು ಕೈಲಿದ್ದರೆ, ನೆಮ್ಮದಿಯಾಗಿರಬಹುದು.

ಐದನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಉತ್ಸಾಹ ಇಳಿದ ಮೂರನೇ ತಿಂಗಳಲ್ಲಿ ಇದನ್ನು ನೋಡಿಕೊಳ್ಳುವವರು ಯಾರು? ಇದಕ್ಕೆ ಒಬ್ಬರ ಹೆಸರು ಹೇಳಲಾಗದಿದ್ದರೆ ಕೆಳಗಿನ ದಾರಿಗಳಲ್ಲಿ ಮೊದಲನೆಯದನ್ನೇ ಹಿಡಿಯಿರಿ.

ಸ್ಕಿಲ್ ಇಲ್ಲದೆಯೇ

ಕಂತುಗಳ ಪಾಡ್‌ಕಾಸ್ಟ್ ನಿಮ್ಮದಾದರೆ ಆರ್‌ಎಸ್‌ಎಸ್ ಫೀಡ್, ಅಂದರೆ ಕಂತುಗಳ ಪಟ್ಟಿ ಇರುವ ಒಂದು ವೆಬ್ ವಿಳಾಸ, ಈಗಾಗಲೇ ಇರುತ್ತದೆ. ಅದನ್ನು ಅಮೆಜಾನ್ ಮ್ಯೂಸಿಕ್, ಸ್ಪಾಟಿಫೈ ಎರಡಕ್ಕೂ ಕೊಟ್ಟರೆ ಎಕೋದಲ್ಲಿ ಹೆಸರು ಹೇಳಿ ಕೇಳಬಹುದು. ಖರ್ಚು ಸೊನ್ನೆ, ನಿರ್ವಹಣೆ ಸೊನ್ನೆ. ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ಮುಂದುವರಿಸುವ ಕೆಲಸವೂ ಅವರದೇ. ಕಳೆದುಕೊಳ್ಳುವುದು ಹಿಡಿತವನ್ನು. "ಇವತ್ತು ಮಲಗುವ ಹೊತ್ತಿನ ಕತೆ ಹಾಕು" ಎಂದರೆ ನಿಮಗೆ ಬೇಕಾದ ಕತೆಯೇ ಬರುವಂತೆ ಮಾಡಲಾಗದು.

ಲೈವ್ ಬಾನುಲಿಯಾದರೆ ಟ್ಯೂನ್‌ಇನ್‌ನಂಥ ರೇಡಿಯೊ ಪಟ್ಟಿಗಳಿವೆ. ಅಲ್ಲಿ ಸೇರಿಕೊಂಡರೆ ಕೇಳುಗರು ಓಪನ್ ಗೀಪನ್ ಅನ್ನದೆ ನೇರವಾಗಿ ಹೆಸರು ಹೇಳಿ ಕೇಳಬಹುದು. ಆದರೆ ಸೇರಿಸಿಕೊಳ್ಳುವುದು, ಯಾವಾಗ ಸೇರಿಸಿಕೊಳ್ಳುವುದು, ಎರಡೂ ಅವರ ಮರ್ಜಿ.

ಇದರ ಪಕ್ಕದಲ್ಲೇ ಫ್ಲ್ಯಾಶ್ ಬ್ರೀಫಿಂಗ್ ಎಂಬ ಇನ್ನೊಂದು ಬಗೆ ಇದೆ. ಫೀಡ್ ಕೊಟ್ಟರೆ ಸಾಕು, ಕೋಡ್ ಬೇಡ. ಬೆಳಗಿನ ಸುದ್ದಿಯ ಸರದಿಯಲ್ಲಿ ನಿಮ್ಮದೂ ಬರುತ್ತದೆ. ಒಂದು ತುಣುಕಿಗೆ ಹತ್ತು ನಿಮಿಷದ ಮಿತಿ. ಪಂಚಾಂಗ, ಮಾರುಕಟ್ಟೆ ದರ, ದಿನಕ್ಕೊಂದು ವಚನ ಇಂಥವಕ್ಕೆ ಹೇಳಿ ಮಾಡಿಸಿದಂತಿದೆ, ಬೇರೆಯದಕ್ಕೆ ಬೇಡ.

ಕಸ್ಟಮ್ ಸ್ಕಿಲ್: ಮನೆ ಒಂದೇ, ವಾಸ ಮೂರು ಕಡೆ

ನಿಮ್ಮದೇ ಹೆಸರಿನಲ್ಲಿ, ನೀವು ಹೇಳಿದ ಹಾಗೆ ನಡೆಯಬೇಕೆಂದರೆ ಆಡಿಯೊಪ್ಲೇಯರ್ (ಉದ್ದದ ಆಡಿಯೊ ನುಡಿಸುವ ಅಲೆಕ್ಸಾದ ಸವಲತ್ತು) ಬಳಸುವ ಕಸ್ಟಮ್ ಸ್ಕಿಲ್ ಬೇಕು. ಅಲೆಕ್ಸಾ ಡೆವಲಪರ್ ಖಾತೆ ಉಚಿತ. ಕೋಡ್ ಎಲ್ಲಿ ಓಡಬೇಕು ಅನ್ನುವುದಕ್ಕೆ ಮೂರು ಆಯ್ಕೆಗಳಿವೆ.

ಒಂದು, ಅಲೆಕ್ಸಾ-ಹೋಸ್ಟೆಡ್. ಡೆವಲಪರ್ ಕನ್ಸೋಲ್ ಒಳಗೇ ನೋಡ್‌ಜೆಎಸ್ ಇಲ್ಲವೇ ಪೈಥಾನ್‌ನಲ್ಲಿ ಬರೆದು ಅಲ್ಲೇ ಡಿಪ್ಲಾಯ್ ಒತ್ತಿದರೆ ಆಯಿತು. ಎಡಬ್ಲ್ಯೂಎಸ್ (ಅಮೆಜಾನಿನ ಕ್ಲೌಡ್ ಸೇವೆ) ಖಾತೆ ಬೇಡ, ಕ್ರೆಡಿಟ್ ಕಾರ್ಡ್ ಬೇಡ. ಕಾಲೇಜು ಹುಡುಗರಿಗೆ, ಸ್ವಯಂಸೇವಕರಿಗೆ ಇದೇ ಸರಿ. ಜೊತೆಗೆ ಬರುವ ಸಂಗ್ರಹ 5 ಜಿಬಿ; ಆದರೆ ಆಡಿಯೊವನ್ನು ಅಲ್ಲಿ ಸುರಿಯಬೇಡಿ, ಹೊರಹೋಗುವ ಡೇಟಾಕ್ಕೂ ಅಲ್ಲಿ ಮಿತಿ ಇದೆ. ಕೋಡ್ ಅಲ್ಲಿರಲಿ, ಆಡಿಯೊ ಬೇರೆ ಕಡೆ ಇರಲಿ. ಕಂತುಗಳಿಗೆ ಕ್ಲೌಡ್‌ಫ್ಲೇರ್ ಆರ್2 ಎಂಬ ಕಡತ ಸಂಗ್ರಹ ಸೇವೆ ನನ್ನ ಮೆಚ್ಚಿನದು. 10 ಜಿಬಿ ಸಂಗ್ರಹ ಉಚಿತ, ಹೊರಹೋಗುವ ಡೇಟಾಕ್ಕೆ ಶುಲ್ಕವೇ ಇಲ್ಲ. 64 ಕೆಬಿಪಿಎಸ್‌ನಲ್ಲಿ 10 ಜಿಬಿ ಅಂದರೆ ಸುಮಾರು 345 ಗಂಟೆ ಕತೆ. ಮಕ್ಕಳು ದೊಡ್ಡವರಾಗುವವರೆಗೆ ಸಾಕು.

ಎರಡು, ನಿಮ್ಮದೇ ಎಡಬ್ಲ್ಯೂಎಸ್ ಲ್ಯಾಂಬ್ಡಾ. ಅಂದರೆ ಕರೆ ಬಂದಾಗ ಮಾತ್ರ ನಿಮ್ಮ ಕೋಡ್ ಓಡಿಸುವ ಸೇವೆ. ತಿಂಗಳಿಗೆ ಹತ್ತು ಲಕ್ಷ ಕರೆಗಳವರೆಗೆ ಉಚಿತ. ಸಣ್ಣ ಬಾನುಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಯಾಕೆಂದರೆ ಆಡಿಯೊ ಲ್ಯಾಂಬ್ಡಾ ಮೂಲಕ ಹರಿಯುವುದೇ ಇಲ್ಲ. ಕೋಡ್ ಹೇಳುವುದು "ಈ ವಿಳಾಸದಿಂದ ಹಾಕಿಕೋ" ಅಂತ ಮಾತ್ರ. ಸ್ಪೀಕರ್ ನೇರವಾಗಿ ನಿಮ್ಮ ಸ್ಟ್ರೀಮ್‌ಗೆ ಹೋಗುತ್ತದೆ. ಈ ಒಂದು ಮಾತು ತಲೆಗೆ ಹೋದರೆ ಅರ್ಧ ಗೊಂದಲ ಕಳೆದಂತೆ. ಭಾರತದ ಕೇಳುಗರಿಗೆ ಮುಂಬೈ ವಲಯ ಹತ್ತಿರ ಎಂದು ಅಲ್ಲಿ ಹಾಕಲು ಹೊರಡುತ್ತಾರೆ. ಭಾರತದ ಸ್ಕಿಲ್‌ಗಳಿಗೆ ಮುಂಬೈ ಬೇಡ, ಐರ್ಲೆಂಡ್ ವಲಯವನ್ನು ಆರಿಸಿ. ಅಲೆಕ್ಸಾದ ಲೆಕ್ಕದಲ್ಲಿ ಯೂರೋಪು ಮತ್ತು ಭಾರತ ಒಂದೇ ಗುಂಪು. ಡೇಟಾಬೇಸ್, ಲಾಗ್, ಕೋಡಿನ ಮಾಲೀಕತ್ವ ಎಲ್ಲ ನಿಮ್ಮ ಕೈಯಲ್ಲಿರುತ್ತದೆ. ಆದರೆ ಬಿಲ್ಲಿಂಗ್ ಎಚ್ಚರಿಕೆಯನ್ನು ಮೊದಲ ದಿನವೇ ಹೊಂದಿಸಿಡಿ. ಈ ಖಾತೆ ಸಂಸ್ಥೆಯ ಇಮೇಲ್‌ನಲ್ಲಿರಲಿ, ಸ್ವಯಂಸೇವಕನ ಸ್ವಂತ ಇಮೇಲ್‌ನಲ್ಲಿ ಬೇಡ. ಅವನಿಗೆ ಕೆಲಸ ಸಿಕ್ಕಿ ಪುಣೆಗೆ ಹೋದಮೇಲೆ ಪಾಸ್‌ವರ್ಡ್‌ಗಾಗಿ ಫೋನ್ ಮಾಡುವ ಪಾಡು ಬೇಡ.

ಮೂರು, ಸ್ವಂತ ಸರ್ವರ್. ಲೈವ್ ಸ್ಟ್ರೀಮ್‌ಗಾಗಿ ಹೇಗೂ ಒಂದು ವಿಪಿಎಸ್ (ಬಾಡಿಗೆಗೆ ಸಿಗುವ ಸರ್ವರ್) ಇಟ್ಟಿದ್ದರೆ ಸ್ಕಿಲ್‌ನ ಕೋಡನ್ನೂ ಅಲ್ಲೇ ಇಡಬಹುದು. ತಿಂಗಳಿಗೆ ಐದಾರು ಡಾಲರ್‌ಗೆ ಸಿಗುವ ಸಣ್ಣ ಯಂತ್ರ ಸಾಕು. ಆದರೆ ಬಂದ ಕೋರಿಕೆ ನಿಜವಾಗಿ ಅಲೆಕ್ಸಾದ್ದೇ ಎಂದು ಸಹಿ ಪರಿಶೀಲಿಸುವ ಹೊಣೆ ನಿಮ್ಮದಾಗುತ್ತದೆ. ಅದಿಲ್ಲದೆ ಪ್ರಕಟಣೆಗೆ ಬೇಕಾದ ಅಮೆಜಾನಿನ ಪ್ರಮಾಣೀಕರಣ ಸಿಗದು. ಉತ್ತರ ಎಂಟು ಸೆಕೆಂಡಿನೊಳಗೆ ಹೋಗದಿದ್ದರೂ ಕತೆ ಮುಗಿಯಿತು. ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಅಭ್ಯಾಸ ಇರುವವರಿಗೆ ಮಾತ್ರ.

ದೊಡ್ಡ ಸಂಗೀತ ಸೇವೆಗಳು ಬಳಸುವ ಮ್ಯೂಸಿಕ್ ಸ್ಕಿಲ್ ಎಪಿಐ ಬಗ್ಗೆಯೂ ಕೆಲವರು ಕೇಳುತ್ತಾರೆ. ಕೇಳುಗರು "ಓಪನ್" ಅನ್ನದೆ ನೇರವಾಗಿ ಹಾಡು ಕೇಳಬಹುದು ಅನ್ನುವುದು ಅದರ ಸೊಗಸು. ಅದಕ್ಕೆ ನಿಮ್ಮಲ್ಲಿರುವ ಹಾಡು, ಕಲಾವಿದ, ಆಲ್ಬಂ ಎಲ್ಲದರ ಪಟ್ಟಿಯನ್ನು ಅವರ ಅಚ್ಚಿನಲ್ಲಿ ಒದಗಿಸುತ್ತಲೇ ಇರಬೇಕು. ಸಾವಿರಾರು ಹಾಡುಗಳ ಒಡೆಯರಲ್ಲದಿದ್ದರೆ ಆ ಕಡೆ ತಲೆಹಾಕಬೇಡಿ.

ನಿಜವಾದ ಕೆಲಸ ಸ್ಟ್ರೀಮ್‌ನಲ್ಲಿದೆ

ಸ್ಕಿಲ್ ಬರೆಯುವವರು ಸಿಗುತ್ತಾರೆ. ಎಡವುವುದು ಇಲ್ಲಿ. ಐಸ್‌ಕಾಸ್ಟ್ ಎಂಬ ಪ್ರಸಾರ ತಂತ್ರಾಂಶ ಹಾಕಿಕೊಂಡ ಬಾನುಲಿಗಳ ಸ್ಟ್ರೀಮ್ ಸಾಮಾನ್ಯವಾಗಿ ಪೋರ್ಟ್ 8000ದಲ್ಲಿ, ಬರೀ ಎಚ್‌ಟಿಟಿಪಿಯಲ್ಲಿ ಇರುತ್ತದೆ. ಫೋನಿನಲ್ಲಿ, ವಿಎಲ್‌ಸಿಯಲ್ಲಿ ಚೆನ್ನಾಗಿ ಕೇಳುತ್ತದೆ. ಅಲೆಕ್ಸಾಗೆ ಎಚ್‌ಟಿಟಿಪಿಎಸ್ (ಗೂಢಲಿಪೀಕರಿಸಿದ ಸಂಪರ್ಕ) ಬೇಕು, ಪೋರ್ಟ್ 443 ಬೇಕು, ಮಾನ್ಯ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್ ಬೇಕು. ನಾವೇ ಸಹಿ ಹಾಕಿಕೊಂಡದ್ದು ನಡೆಯದು. ಪರಿಹಾರ ಸುಲಭ: ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಲ್ಲಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿ, ಒಳಗಿನಿಂದ 8000ಕ್ಕೆ ದಾಟಿಸುವುದು. ಇಷ್ಟನ್ನೂ ಕೈಯಿಂದ ಮಾಡಲು ಬೇಸರವಾದರೆ ಅಜುರಾಕಾಸ್ಟ್ ಎಂಬ ಉಚಿತ ತಂತ್ರಾಂಶ ಇದೆ; ಬ್ರೌಸರ್‌ನಲ್ಲೇ ಇಡೀ ಬಾನುಲಿಯನ್ನು ನಡೆಸಬಹುದು.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಿಕೊಳ್ಳಬೇಕು. ಒಂದು ಬಾನುಲಿಗೆ ಇದನ್ನೆಲ್ಲ ಮಾಡಿಕೊಟ್ಟು ಬೀಗಿದ್ದೆ. ಸರ್ಟಿಫಿಕೇಟಿನ ಆಯಸ್ಸು ತೊಂಬತ್ತು ದಿನ. ತಾನಾಗಿ ನವೀಕರಣವಾಗುವ ಸಾಲನ್ನು ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸರ್ವರಿನ ಸವಲತ್ತು) ಸೇರಿಸುವುದು ಮರೆತಿತ್ತು. ತೊಂಬತ್ತೊಂದನೇ ದಿನ ಎಕೋಗಳೆಲ್ಲ ಮೂಕಾದವು. ಸ್ಟುಡಿಯೊದವರು ಹಳೆಯ 8000ದ ವಿಳಾಸದಲ್ಲೇ ಕೇಳುತ್ತಿದ್ದರಿಂದ ಅವರಿಗೆ ಗೊತ್ತಾಗಲೇ ಇಲ್ಲ. ನಾಲ್ಕು ದಿನ ಕಳೆದಮೇಲೆ ಒಬ್ಬ ಅಜ್ಜಿ ಫೋನ್ ಮಾಡಿ, "ಏನಪ್ಪಾ, ರೇಡಿಯೊ ಮುಚ್ಚಿಬಿಟ್ರಾ?" ಅಂದಾಗಲೇ ತಿಳಿದದ್ದು. ಅಂದಿನಿಂದ ಸ್ಟುಡಿಯೊದಲ್ಲೂ ಒಂದು ಎಕೋ ಇಟ್ಟು, ಬೆಳಿಗ್ಗೆ ಬಂದವರು ಮೊದಲು ಅದನ್ನು ಹಾಕಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದ್ದೇವೆ.

ಕೋಡಿನಲ್ಲಿ ಎಡವುವ ಜಾಗಗಳು ಎರಡು. "ನಿಲ್ಲಿಸು" ಅನ್ನುವುದು ಪಾಜ್, ಸ್ಟಾಪ್, ಕ್ಯಾನ್ಸಲ್ ಯಾವ ರೂಪದಲ್ಲಾದರೂ ಬರಬಹುದು, ಮೂರಕ್ಕೂ ಪ್ಲೇಯರ್ ನಿಲ್ಲಿಸುವ ಆದೇಶ ಹೋಗಬೇಕು. ಇನ್ನೊಂದು, ಲೈವ್‌ನಲ್ಲಿ "ಮುಂದುವರಿಸು" ಎಂದಾಗ ನಿಂತ ಮಿಲಿಸೆಕೆಂಡನ್ನು ಹುಡುಕಿಕೊಂಡು ಹೋಗದೆ ಸೊನ್ನೆಯಿಂದ ಹೊಸದಾಗಿ ಹಾಕಿ. ಹರಿದುಹೋದ ನೀರಿಗೆ ಮತ್ತೆ ಕಾಲಿಡಲಾಗದು. ಕಂತುಗಳಲ್ಲಿ ಇದಕ್ಕೆ ತಿರುಗುಮುರುಗು: ಆ ಮಿಲಿಸೆಕೆಂಡೇ ಪ್ರಾಣ. ಒಂದು ಕತೆ ಮುಗಿಯುತ್ತ ಬಂದಾಗ ಅಲೆಕ್ಸಾ ಸೂಚನೆ ಕಳಿಸುತ್ತದೆ, ಆಗಲೇ ಮುಂದಿನದನ್ನು ಸರದಿಗೆ ಸೇರಿಸಬೇಕು.

ಹೆಸರು

ಕನ್ನಡದವರಿಗೆ ಇದು ಬೇರೆಯವರಿಗಿಲ್ಲದ ಪರೀಕ್ಷೆ. ಕೇಳುಗರು ಕನ್ನಡದ ಹೆಸರನ್ನು ಇಂಗ್ಲಿಷ್ ಕಿವಿಗೆ ಹೇಳಬೇಕು. ಅಪರೂಪದ ಬ್ರ್ಯಾಂಡ್ ಹೆಸರಲ್ಲದಿದ್ದರೆ ಕನಿಷ್ಠ ಎರಡು ಪದ ಇರಬೇಕೆಂಬ ನಿಯಮವೂ ಇದೆ. ನಾವೊಮ್ಮೆ ಊರ ದನಿ ಎಂದು ಇಟ್ಟೆವು. ಬರೆದರೆ ಎಷ್ಟು ಚಂದ! ಪರೀಕ್ಷೆಯ ಪುಟದಲ್ಲಿ ನೋಡಿದರೆ ಒಮ್ಮೆ "ಓವರ್ ಡ್ಯಾನಿ", ಇನ್ನೊಮ್ಮೆ "ಆರ್ಡರ್ ಹನಿ". ತಪ್ಪು ಹೆಸರಿಟ್ಟ ನಮ್ಮದು. ಮೊದಲಿಗೆ ಸ್ವರ, ನಡುವೆ ಒತ್ತಿಲ್ಲದ ರ, ಅದರ ಬೆನ್ನಿಗೇ ದ: ಮೂರೂ ಜಾರುವಂಥವು. ಕೊನೆಗೆ ಊರಿನ ಹೆಸರಿನ ಮುಂದೆ "ರೇಡಿಯೊ" ಸೇರಿಸಿದೆವು; ಕಾವ್ಯ ಹೋಯಿತು, ಕೆಲಸವಾಯಿತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪುಟ್ಟ ಬಾನುಲಿ ಶುರು ಮಾಡಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರ ಬಾನುಲಿಗೆ ಆಕಾಶವಾಣಿ ಎಂಬ ಹೆಸರು ಬಂತು. ಅವರಿಗೆ ಈ ಕಾಟ ಇರಲಿಲ್ಲ.

ಒಂದು ಉಪಾಯ: ಹಿಂದಿ ಆವೃತ್ತಿಯನ್ನೂ ಸೇರಿಸಿ. ಅಲ್ಲಿ ಹೆಸರನ್ನು ದೇವನಾಗರಿಯಲ್ಲಿ ಬರೆಯುವುದರಿಂದ ದ-ಡ, ಹ್ರಸ್ವ-ದೀರ್ಘಗಳ ವ್ಯತ್ಯಾಸ ತೋರಿಸಬಹುದು; ನನ್ನ ಅನುಭವದಲ್ಲಿ ಕನ್ನಡದ ಪದಗಳು ಅಲ್ಲಿ ಹೆಚ್ಚು ಸಲ ಸರಿಯಾಗಿ ಬಿದ್ದಿವೆ. ಹಿಂದಿಗೆ ಹೊಂದಿಸಿದ ಸ್ಪೀಕರ್‌ಗಳಿಗಷ್ಟೇ ಇದರ ಲಾಭ ಅನ್ನುವುದು ನೆನಪಿರಲಿ.

ಸ್ವಾಗತದ ಮಾತು ಕನ್ನಡದಲ್ಲೇ ಇರಲಿ. ಅಲೆಕ್ಸಾದ ಇಂಗ್ಲಿಷ್ ದನಿಯಿಂದ ಕನ್ನಡ ಓದಿಸಲು ಹೋಗಬೇಡಿ, ಕೇಳಲಾಗದು. ನಿಮ್ಮಲ್ಲೇ ಯಾರಾದರೂ ಮಾತಾಡಿ ರೆಕಾರ್ಡ್ ಮಾಡಿ, ಎಫ್‌ಎಫ್‌ಎಂಪೆಗ್ ಎಂಬ ಆಡಿಯೊ ಪರಿವರ್ತಕದಲ್ಲಿ 48 ಕೆಬಿಪಿಎಸ್, 24000 ಹರ್ಟ್ಸ್‌ನ ಎಂಪಿ3 ಮಾಡಿ ಉತ್ತರದೊಳಗೆ ಸೇರಿಸಬಹುದು. ಇಂಥ ತುಣುಕುಗಳು ಒಂದು ಉತ್ತರದಲ್ಲಿ ಒಟ್ಟು 240 ಸೆಕೆಂಡ್ ಮೀರುವಂತಿಲ್ಲ. ನಾಲ್ಕು ಸೆಕೆಂಡ್ ಸಾಕು. ರೇಡಿಯೊ ಕೇಳಲು ಬಂದವರಿಗೆ ಭಾಷಣ ಬೇಡ.

ಪ್ರಕಟಿಸಲೇಬೇಕೇ?

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಒಂದೇ ಮನೆಗಾದರೆ, ಅಂದರೆ ಊರಲ್ಲಿರುವ ಅಪ್ಪನಿಗೆ ಅವರ ಹಳೆಯ ಹರಿಕಥೆ ಕ್ಯಾಸೆಟ್‌ಗಳನ್ನು ಕೇಳಿಸಬೇಕು ಅಷ್ಟೇ ಎಂದಾದರೆ, ಪ್ರಕಟಿಸುವುದೇ ಬೇಡ. ಡೆವಲಪರ್ ಖಾತೆಯಲ್ಲೇ ಎಕೋವನ್ನೂ ನೋಂದಾಯಿಸಿದರೆ ಪ್ರಕಟವಾಗದ ಸ್ಕಿಲ್ ಅದರಲ್ಲಿ ಓಡುತ್ತದೆ. ಕೂಟದಂಥ ಗುಂಪಿಗೆ ಬೀಟಾ ಪರೀಕ್ಷೆ ಇದೆ: 500 ಜನರವರೆಗೆ ಇಮೇಲ್ ಆಹ್ವಾನ, ತೊಂಬತ್ತು ದಿನ. ಅಷ್ಟರಲ್ಲಿ ಯಾರೂ ಕೇಳುತ್ತಿಲ್ಲ ಎಂದು ಗೊತ್ತಾದರೆ ಮರ್ಯಾದೆಯಾಗಿ ಮುಚ್ಚಬಹುದು.

ಫೋನ್ ಆ್ಯಪ್‌ನ ದಾರಿ ದುಬಾರಿಯದು. ಆಂಡ್ರಾಯ್ಡ್‌ಗೆ ಪ್ಲೇ ಸ್ಟೋರ್ ನೋಂದಣಿ ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಹೊಸದಾಗಿ ತೆರೆದ ವೈಯಕ್ತಿಕ ಪ್ಲೇ ಖಾತೆಯಾದರೆ 12 ಜನ 14 ದಿನ ಪರೀಕ್ಷಿಸಿದ ಮೇಲೆಯೇ ಪ್ರಕಟಣೆ. ಆಂಡ್ರಾಯ್ಡಿನ ಮೀಡಿಯಾಸೆಷನ್, ಆ್ಯಪಲ್ಲಿನ ಸಿರಿಕಿಟ್ ಎಂಬ ಕೊಂಡಿಗಳನ್ನು ಸರಿಯಾಗಿ ಜೋಡಿಸಿದರೆ ಫೋನಿನ ಸಹಾಯಕನಿಗೆ ಮಾತಾಡಿಯೂ ಆಡಿಯೊ ಹಾಕಿಸಬಹುದು. ಬಸ್ಸಿನಲ್ಲಿ, ಹೊಲದಲ್ಲಿ ಕೇಳುವವರೇ ಹೆಚ್ಚಾದರೆ ಈ ಹಣ ವ್ಯರ್ಥವಲ್ಲ. ಎಕೋ ಇರುವುದು ಮನೆಯೊಳಗೆ. ಅದಕ್ಕೆ ವೈಫೈ ಬೇಕು. ನಿಮ್ಮ ಕೇಳುಗರ ಮನೆಗಳಲ್ಲಿ ವೈಫೈ ಎಷ್ಟಿದೆ ಎಂದು ಸುಮ್ಮನೆ ಹತ್ತು ಜನರನ್ನು ಕೇಳಿ ನೋಡಿ.

ಇನ್ನು ಆ ಮೂರು ಉತ್ತರಗಳು. ಕತೆ ಓದುವ ದಂಪತಿಗೆ ಸ್ಕಿಲ್ ಬೇಡ ಅಂದೆ. ಫೀಡನ್ನು ಎರಡೂ ಕಡೆ ಸೇರಿಸಿದರು, ಉಳಿದ ಹಣದಲ್ಲಿ ಒಳ್ಳೆಯ ಮೈಕ್ ಕೊಂಡರು. ಬಾನುಲಿಯವರಿಗೆ ಸ್ಟ್ರೀಮ್‌ಗೆ ಐದು ಡಾಲರ್‌ನ ವಿಪಿಎಸ್ ಮತ್ತು ಅಲೆಕ್ಸಾ-ಹೋಸ್ಟೆಡ್ ಕೋಡ್, ಭಾರತೀಯ ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ. ಕೂಟದ ಕಾರ್ಯದರ್ಶಿಗೆ ಮೊದಲು ಬೀಟಾದಲ್ಲೇ ತೊಂಬತ್ತು ದಿನ ನಡೆಸಿ ಅಂದೆ. ಅವರು ಸದ್ಯ ಹೆಸರಿನ ಹಂತದಲ್ಲಿದ್ದಾರೆ. ಮೂರು ಹೆಸರು ಬರೆದುಕೊಂಡು, ಸದಸ್ಯರ ಮನೆಗೆ ಬಂದಿಳಿದ ಅಮ್ಮಂದಿರ ಬಾಯಲ್ಲಿ ಒಂದೊಂದನ್ನೂ ಇಪ್ಪತ್ತು ಸಲ ಹೇಳಿಸಿ ಎಣಿಸುತ್ತಿದ್ದಾರಂತೆ.